ಪೆನ್ನು ಹೆಬ್ಬೆರಳು ಸುತ್ತುತ್ತೆ, ವಾಪಸ್ ಕೈಗೆ ಬರಲ್ಲ. ಯಾರಾದ್ರೂ ಬಾಯಲ್ಲಿ ಹೇಳಿಕೊಡ್ತೀರಾ?

ಜೋಳದ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಇಲ್ಲಿ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಸರಾ ಕಳೆದು ಮೆಕ್ಕೆಜೋಳ ಬರೋಕೆ ಶುರುವಾದರೆ ತಲೆ ಎತ್ತುವಷ್ಟೂ ಪುರುಸೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಮಧ್ಯಾಹ್ನ ಮೂರರ ಮೇಲೆ ನೊಣ ಹೊಡೆಯೋದೇ ಕೆಲಸ. ನನ್ನ ಪ್ರಶ್ನೆ ಹುಟ್ಟಿದ್ದು ಆ ಹೊತ್ತಿನಲ್ಲಿ.

ಮಗಳು ಸೆಕೆಂಡ್ ಪಿಯುಸಿ. ಓದೋಕೆ ಕೂತರೆ ಬಲಗೈಯಲ್ಲಿ ಪೆನ್ನು ತಿರುಗುತ್ತಲೇ ಇರುತ್ತದೆ. ಮೊದಲು ಬೈದೆ. ಆಮೇಲೆ ಬೈಯೋದು ಬಿಟ್ಟು ನೋಡುತ್ತಾ ಕೂತೆ. ಪೆನ್ನು ಹೆಬ್ಬೆರಳಿಗೆ ಒಂದು ಪ್ರದಕ್ಷಿಣೆ ಹಾಕಿ, ಏನೂ ಆಗಿಲ್ಲ ಅನ್ನೋ ಹಾಗೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಅವಳ ಕಣ್ಣು ಪುಸ್ತಕದಲ್ಲೇ ಇರುತ್ತದೆ.

"ಹೇಗೇ ಮಾಡ್ತೀಯ ಇದನ್ನ?" ಅಂದೆ.

"ಹಿಂಗೆ ಅಪ್ಪ" ಅಂದಳು.

ಮತ್ತೆ ಕೇಳಿದೆ. "ಅಯ್ಯೋ, ಹಿಂಗೇ!" ಅಂದಳು. ನಾಲ್ಕನೇ ಸಲ ಕೇಳಿದಾಗ ಅವಳೇ ಯೋಚನೆ ಮಾಡೋಕೆ ಹೋದಳು, ಅವಳ ಪೆನ್ನೇ ಬಿದ್ದುಹೋಯಿತು. ನನ್ನಿಂದ ಅವಳಿಗೂ ಮರೆತುಹೋಗುತ್ತೆ ಅಂತ ಎದ್ದು ಒಳಗೆ ಹೋದಳು. ಅವಳ ಕೈಗೆ ಗೊತ್ತಿದೆ, ಬಾಯಿಗೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬಂದಿದ್ದೇನೆ.

ವಿಡಿಯೋ ನೋಡಿ ಅನ್ನಬೇಡಿ. ಬೇಕಾದಷ್ಟು ನೋಡಿದೆ. ಎದುರಿಗೆ ಕೂತವನ ಕೈ ನೋಡಿಕೊಂಡು ಮಾಡಿದರೆ ಎಡ ಬಲ ಅದಲುಬದಲಾಗುತ್ತದೆ. ನಿಧಾನ ಮಾಡಿ ತೋರಿಸಿದರೂ ಬೆರಳ ಹಿಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ.

ಇದಕ್ಕೆ ಥಂಬ್ ಅರೌಂಡ್ ಅನ್ನುತ್ತಾರೆ ಅಂತ ತಿಳಿಯಿತು. ಹದಿನೈದು ದಿನದಿಂದ ಮಾಡುತ್ತಿದ್ದೇನೆ. ಲೆಕ್ಕದವನಲ್ವಾ, ಹಳೇ ಡೈರಿಯೊಂದರಲ್ಲಿ ದಿನಾ ಬರೆದಿಟ್ಟಿದ್ದೇನೆ. ನಿನ್ನೆ 100 ಸಲ ಬಿಟ್ಟರೆ 7 ಸಲ ಸಿಕ್ಕಿತು. ಆ ಏಳರಲ್ಲಿ ಮೂರು ಹೊಟ್ಟೆಗೆ ತಾಗಿ ನಿಂತಿದ್ದು. ಅವನ್ನು ಜಮಾಕ್ಕೆ ಹಾಕಬೇಕೋ ಖರ್ಚಿಗೆ ಹಾಕಬೇಕೋ ನೀವೇ ಹೇಳಿ.

ಆದ ಅನಾಹುತವನ್ನೂ ಹೇಳಿಬಿಡುತ್ತೇನೆ. ಮೊನ್ನೆ ಪೆನ್ನು ಹಾರಿ ನೇರ ಸಾಹುಕಾರರ ಟೀ ಲೋಟಕ್ಕೆ ಬಿತ್ತು. ಅವರು ಟೀ ನೋಡಿದರು, ನನ್ನನ್ನು ನೋಡಿದರು. "ರೇಟು ಬಿದ್ದದ್ದು ಸಾಲದು ಅಂತ ಪೆನ್ನು ಬೇರೆ ಬೀಳಿಸ್ತೀಯೇನಪ್ಪಾ" ಅಂದರು. ಟೀ ಚೆಲ್ಲಿ ಇನ್ನೊಂದು ತರಿಸಿದರು, ನನಗೂ ಒಂದು ತರಿಸಿದರು. ಒಳ್ಳೆಯ ಮನುಷ್ಯ. ಶರ್ಟಿನ ವಿಷಯ ಬೇರೆ. ಬಿಳಿ ಶರ್ಟು ಹಾಕೋನು ನಾನು. ನೀಲಿ ಗೆರೆ ಬಿದ್ದ ಶರ್ಟು ಇನ್ನು ನೀವೇ ಒಗೆದುಕೊಳ್ಳಿ ಅಂತ ಮನೆಯಲ್ಲಿ ಆರ್ಡರ್ ಆಗಿದೆ.

ಪೆನ್ನು ಹೋಗುತ್ತದೆ, ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಪೆನ್ನಿನದ್ದೇ ದೋಷವಾ? ಅಥವಾ ಈ ವಯಸ್ಸಿಗೆ ಬೆರಳು ಬಗ್ಗೋದೇ ಇಲ್ವಾ?

ರಿಪೀಟರ್, ವಿದ್ಯಾನಗರ

ಅಂಕಲ್, ಹೊಟ್ಟೆಗೆ ತಾಗಿದ್ದು ಖರ್ಚಿಗೇ ಹಾಕಿ. 😄

ನಿಮ್ಮ ಮಗಳ ತಪ್ಪಿಲ್ಲ. ಬಂದ ಮೇಲೆ ಯಾರಿಗೂ ಹೇಳೋಕೆ ಬರಲ್ಲ. ನಾನು ಕಲಿತದ್ದು ನೀಟ್ ಎರಡನೇ ಸಲ ಬರೆಯುವ ವರ್ಷ. ಬಂತೋ ಇಲ್ಲವೋ ಕೇಳಬೇಡಿ, ಪೆನ್ನಂತೂ ಬಂತು. ಜಪಾನಿನಲ್ಲಿ ಇದಕ್ಕೆ ಪೆನ್ ಮವಾಶಿ ಅಂತಾರೆ. ಇನ್ನೊಂದು ಹೆಸರು ರೋನಿನ್ ಮವಾಶಿ. ಹಿಂದೆ ಒಡೆಯನಿಲ್ಲದೆ ಅಲೆಯುತ್ತಿದ್ದ ಸಮುರಾಯ್‌ಗೆ ರೋನಿನ್ ಅನ್ನುತ್ತಿದ್ದರು. ಈಗ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಇನ್ನೊಂದು ವರ್ಷ ಓದುವ ಹುಡುಗರಿಗೆ ಅದೇ ಹೆಸರು. ಅಂದರೆ ನಮ್ಮ ಹಾಸ್ಟೆಲ್ ಪೂರ್ತಿ ರೋನಿನ್‌ಗಳೇ.

ಈಗ ಬಾಯಲ್ಲಿ ಹೇಳೋಕೆ ಪ್ರಯತ್ನ ಮಾಡುತ್ತೇನೆ. ಪೆನ್ನು ಬೆರಳ ಮೇಲಿಟ್ಟು, ಎಲ್ಲಿ ಇಟ್ಟರೆ ತಕ್ಕಡಿ ಹಾಗೆ ಸಮನಾಗಿ ನಿಲ್ಲುತ್ತೆ ನೋಡಿ. ನಿಮಗೆ ತಕ್ಕಡಿ ಹೇಳಿಕೊಡಬೇಕಾ! ಆ ಜಾಗದಿಂದ ಚೂರು ಆಚೆ, ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಲ್ಲಿ ಹಿಡಿಯಿರಿ. ನಡುಬೆರಳಿನ ತುದಿಯಿಂದ ಹಿಡಿಯಬೇಡಿ, ಮೊದಲ ಗೆಣ್ಣಿನ ಹತ್ತಿರ ಪಕ್ಕಕ್ಕೆ ಪೆನ್ನು ತಾಗಿರಬೇಕು.

ಎಲ್ಲರೂ ತಪ್ಪೋದು ಮುಂದಿನ ಹೆಜ್ಜೆಯಲ್ಲಿ. ಕೇರಂ ಸ್ಟ್ರೈಕರ್ ಹೊಡೆದ ಹಾಗೆ ನಡುಬೆರಳನ್ನು ಹೊರಗೆ ಚಿಮ್ಮುತ್ತಾರೆ. ಪೆನ್ನು ಟೀ ಲೋಟಕ್ಕೆ ಹೋಗೋದು ಅದಕ್ಕೇ. ಇಲ್ಲಿ ನಡುಬೆರಳು ಒಳಕ್ಕೆ ಬರಬೇಕು, ಅಂಗೈ ಕಡೆಗೆ. ಯಾರನ್ನೋ "ಬಾ ಇಲ್ಲಿ" ಅಂತ ಒಂದೇ ಬೆರಳಲ್ಲಿ ಕರೀತೀವಲ್ಲ, ಹಾಗೆ. ಬೆರಳು ಒಳಗೆ ಬಂದಾಗ ಪೆನ್ನು ತಾನಾಗಿ ಹೆಬ್ಬೆರಳಿನ ಬೆನ್ನ ಮೇಲೆ ಉರುಳುತ್ತದೆ. ಉಗುರಿಗೂ ಗೆಣ್ಣಿಗೂ ನಡುವೆ ಉರುಳಬೇಕು.

ಉರುಳುವ ಹೊತ್ತಿಗೆ ತೋರುಬೆರಳು ಅಲ್ಲಿರಬಾರದು. ಇದನ್ನು ಯಾರೂ ಹೇಳಲ್ಲ. ಪೆನ್ನು ಸುತ್ತಿ ಬಂದು ತೋರುಬೆರಳಿಗೇ ಗುದ್ದಿ ಕೆಳಗೆ ಬೀಳುತ್ತೆ. ನಮಗೆ ಹಿಡಿಯೋಕೆ ಬರಲಿಲ್ಲ ಅನ್ನಿಸುತ್ತೆ. ತಳ್ಳಿದ ತಕ್ಷಣ ತೋರು, ನಡು ಎರಡನ್ನೂ ಹೆಬ್ಬೆರಳಿನ ಕೆಳಗೆ ಸರಿಸಿಬಿಡಿ, ದಾರಿ ಬಿಟ್ಟ ಹಾಗೆ. ಹಿಡಿಯೋ ಬಗ್ಗೆ ಯೋಚನೆಯೇ ಬೇಡ. ಮೊದಲ ವಾರ ಹಿಡಿಯಲೇಬೇಡಿ, ಸುತ್ತಿ ಬಿದ್ದರೆ ಸಾಕು. ಹಾಸಿಗೆ ಮೇಲೆ ಕೂತು ಮಾಡಿ, ಶಬ್ದವೂ ಇರಲ್ಲ, ಮಂಚದ ಕೆಳಗೆ ಬಗ್ಗೋದೂ ತಪ್ಪುತ್ತೆ. ಹೆಬ್ಬೆರಳು ಮಾತ್ರ ನೆಟ್ಟಗಿರಲಿ. ಮಡಿಚಿದ್ದರೆ ಗೆಣ್ಣಿನ ಉಬ್ಬಿಗೆ ಹೊಡೆದು ಪೆನ್ನು ಹಾರುತ್ತೆ.

ಪೆನ್ನಿನ ವಿಷಯ. ದುಡ್ಡು ಹಾಕಬೇಡಿ. ಎರಡು ರೆನಾಲ್ಡ್ಸ್ ತಗೊಳ್ಳಿ, ಬಿಳಿ ಮೈ ನೀಲಿ ಕ್ಯಾಪಿನದು. ಒಂದರ ಕ್ಯಾಪ್ ನಿಬ್ಬಿಗೆ, ಇನ್ನೊಂದರ ಕ್ಯಾಪ್ ಹಿಂದಕ್ಕೆ ಹಾಕಿ. ಎರಡೂ ಕಡೆ ಕ್ಯಾಪ್ ಇದ್ದರೆ ಉದ್ದ ಸಿಗುತ್ತೆ, ತೂಕ ಎರಡು ತುದಿಗೆ ಹಂಚಿಹೋಗುತ್ತೆ, ಶರ್ಟೂ ಉಳಿಯುತ್ತೆ. ತುದಿಯಲ್ಲಿ ತೂಕ ಇದ್ದರೆ ಪೆನ್ನು ನಿಧಾನವಾಗಿ, ಅಲುಗದೆ ಸುತ್ತುತ್ತೆ. ಪಿಯುಸಿ ಫಿಸಿಕ್ಸಿನ ಮೊಮೆಂಟ್ ಆಫ್ ಇನರ್ಷಿಯಾ ಇದೇ. ಮಗಳನ್ನ ಕೇಳಿ, ಇದನ್ನಾದರೂ ಬಾಯಲ್ಲಿ ಹೇಳ್ತಾಳೆ. ಹೊರದೇಶದಲ್ಲಿ ಇದರಲ್ಲೇ ಮುಳುಗಿದವರು ನಾಲ್ಕಾರು ಪೆನ್ನಿನ ಕ್ಯಾಪು, ರಬ್ಬರ್ ಗ್ರಿಪ್ಪು ಬಿಚ್ಚಿ ಸೇರಿಸಿ 20 ಸೆಂ.ಮೀ. ಆಸುಪಾಸಿನ ಪೆನ್ನು ಕಟ್ಟುತ್ತಾರೆ. ಅದಕ್ಕೆ ಮಾಡ್ ಅಂತಾರೆ. ಅದರಲ್ಲಿ ಬರೆಯೋಕಾಗಲ್ಲ, ಸುತ್ತೋಕೆ ಅಷ್ಟೇ. ರೆನಾಲ್ಡ್ಸ್ ಸಿಗದಿದ್ದರೆ ಕೆತ್ತದ ಹೊಸ ಪೆನ್ಸಿಲ್ ಒಳ್ಳೇದು.

ಸುಮ್ನೆ ನೋಡೋನು

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಸ್ವಾಮಿ? ಏನು ಉಪಯೋಗ?

ಜೋಳದ ಗುಮಾಸ್ತ, ದಾವಣಗೆರೆ

ಏನೂ ಇಲ್ಲ ಸ್ವಾಮಿ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನೋದರಿಂದ ಏನು ಉಪಯೋಗವೋ ಅದೇ.

ತಮ್ಮಾ ರಿಪೀಟರ್, ನಿನ್ನ ಕಾಗದ ಎರಡು ಸಲ ಓದಿದೆ. "ಬಾ ಇಲ್ಲಿ" ಅನ್ನೋದು ತಲೆಗೆ ಹೋಯಿತು. ಅಂಗಡಿಯಲ್ಲಿ ಮಾಡಿ ನೋಡುತ್ತಿದ್ದರೆ ಹಮಾಲಿಯವನೊಬ್ಬ ನನ್ನನ್ನೇ ಕರೆದರು ಅಂತ ಎರಡು ಸಲ ಬಂದ.

ಆದರೆ ಹೆಬ್ಬೆರಳು ನೆಟ್ಟಗಿರಲಿ ಅಂದೆಯಲ್ಲ, ಅಲ್ಲಿ ಸಿಕ್ಕಿಬಿದ್ದೆ. ನನ್ನ ಬಲಗೈ ಹೆಬ್ಬೆರಳು ನೆಟ್ಟಗಾಗುವುದೇ ಇಲ್ಲ. ಈಗಿನ ಹಾಗೆ ಕರೆಂಟಿನ ತಕ್ಕಡಿ ಬರುವ ಮೊದಲು ಕಬ್ಬಿಣದ ತೂಕದ ಕಲ್ಲಿತ್ತು. 20 ಕೆ.ಜಿ.ಯದು ಒಂದು ಸಲ ಹೆಬ್ಬೆರಳ ಮೇಲೆ ಬಿತ್ತು. ಉಗುರು ಹೋಗಿ ಹೊಸದು ಬಂತು. ಗೆಣ್ಣು ಮಾತ್ರ ಗೂನು ಬೆನ್ನಿನ ಹಾಗೆ ಬಗ್ಗಿಕೊಂಡೇ ಉಳಿಯಿತು. ಬರೆಯೋಕೆ ತೊಂದರೆ ಇಲ್ಲ, ಅದಕ್ಕೆ ಮರೆತೇ ಹೋಗಿತ್ತು. ಇವತ್ತು ನಿಧಾನಕ್ಕೆ ನೋಡಿದೆ. ನೀನು ಹೇಳಿದ್ದೇ ಸರಿ. ಪೆನ್ನು ಅರ್ಧ ಸುತ್ತು ಚೆನ್ನಾಗಿ ಬಂದು ಆ ಉಬ್ಬಿಗೆ ಟಕ್ ಅಂತ ತಾಗಿ ಎಗರುತ್ತದೆ. ಹಂಪ್ ಹತ್ತಿದ ಲೂನಾ ಹಾಗೆ.

ಹಾಗಾದರೆ ನನ್ನ ಕಥೆ ಮುಗಿಯಿತಾ?

ನಿವೃತ್ತ ಕ್ಯಾಷಿಯರ್

ಗುಮಾಸ್ತರೇ, ಮುಗಿಯುವುದು ಯಾಕೆ? ಬೆರಳಿನ ಆಟ ಪೆನ್ನೊಂದೇ ಅಲ್ಲ. ನಾನು 31 ವರ್ಷ ನೋಟು ಎಣಿಸಿದವನು. ಎಣಿಸುವ ಮಷೀನು ಬರುವ ಮೊದಲು ನೂರು ನೋಟಿನ ಕಟ್ಟು ಎಡಗೈಯಲ್ಲಿ ಬಗ್ಗಿಸಿ ಹಿಡಿದು ಬಲಗೈ ಬೆರಳಲ್ಲಿ ಓಡಿಸುತ್ತಿದ್ದೆ. ನಡುವೆ ಒಂದು ನೋಟು ಹರಿದದ್ದೋ ಅಂಟು ಹಚ್ಚಿದ್ದೋ ಇದ್ದರೆ ಕಣ್ಣಿಗಿಂತ ಮೊದಲು ಬೆರಳು ನಿಲ್ಲುತ್ತಿತ್ತು. ರಿಟೈರ್ ಆದ ಮೇಲೆ ಕೈ ಸುಮ್ಮನೆ ಕೂರಲಿಲ್ಲ. ಮೊಮ್ಮಗ ನಾಣ್ಯ ಗೆಣ್ಣಿನ ಮೇಲೆ ನಡೆಸುವುದು ತೋರಿಸಿದ, ಅದನ್ನು ಹಿಡಿದೆ.

ಹತ್ತು ರೂಪಾಯಿ ನಾಣ್ಯ ತಗೊಳ್ಳಿ. ಅಗಲ 27 ಮಿ.ಮೀ. ಇದೆ. ಜಾದೂಗಾರರು ಇಷ್ಟಪಡುವ ಅಮೆರಿಕದ ಅರ್ಧ ಡಾಲರ್ 30 ಮಿ.ಮೀ. ದಾಟುತ್ತದೆ, ನಮ್ಮಲ್ಲಿ ಅದಕ್ಕೆ ಹತ್ತಿರ ಅಂದರೆ ಇದೇ. ಹೇಗೂ ಎಷ್ಟೋ ಅಂಗಡಿಯಲ್ಲಿ ಇದನ್ನು ತಗೊಳ್ಳಲ್ಲ, ಬೆರಳಿಗಾದರೂ ಕೆಲಸಕ್ಕೆ ಬರಲಿ. ಮುಷ್ಟಿ ಸಡಿಲ ಮಾಡಿ, ಗೆಣ್ಣು ಮೇಲೆ. ಹೆಬ್ಬೆರಳಿಂದ ನಾಣ್ಯವನ್ನು ತೋರುಬೆರಳಿನ ಮೇಲೆ ಮಗುಚಿ. ನಡುಬೆರಳು ಚೂರು ಎದ್ದು ಅದರ ಅಂಚನ್ನು ಅದುಮಿದರೆ ನಾಣ್ಯ ಮತ್ತೆ ಮಗುಚಿ ಮುಂದಿನ ಸಂದಿಗೆ ಹೋಗುತ್ತದೆ. ಹೀಗೇ ಕಿರುಬೆರಳಿನ ತನಕ. ಅಲ್ಲಿ ಸಂದಿಯಿಂದ ಕೆಳಗೆ ಜಾರಿಸಿ, ಹೆಬ್ಬೆರಳು ಅಡಿಯಿಂದ ಹೋಗಿ ಅದನ್ನು ಹೊತ್ತು ತರುತ್ತದೆ. ಹೆಬ್ಬೆರಳು ಬಗ್ಗಿದ್ದರೆ ಇಲ್ಲಿ ಒಳ್ಳೆಯದೇ. ನನಗೆ ಉಂಗುರಬೆರಳು ದಾಟಿಸೋಕೇ ಎರಡು ತಿಂಗಳು ಹಿಡಿಯಿತು. ಅದು ಒಂಟಿಯಾಗಿ ಏಳುವ ಬೆರಳಲ್ಲ, ಪಕ್ಕದವರನ್ನು ಕರೆದುಕೊಂಡೇ ಏಳುತ್ತದೆ.

ಒಂದು ಎಚ್ಚರಿಕೆ. ಹುಮ್ಮಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಮಾಡುತ್ತಿದ್ದೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು ಶುರುವಾಯಿತು, ಪೇಸ್ಟ್ ಮುಚ್ಚಳ ತಿರುಗಿಸೋಕೂ ಆಗದಷ್ಟು. ಹೆಬ್ಬೆರಳನ್ನು ಎಳೆಯುವ ಹುರಿ ಊದಿದೆ, ಒಂದೇ ಕೆಲಸ ಮತ್ತೆ ಮತ್ತೆ ಮಾಡಿದರೆ ಹೀಗಾಗುತ್ತದೆ ಅಂದರು ಡಾಕ್ಟರು. ಮೂರು ವಾರ ಪಟ್ಟಿ ಕಟ್ಟಿಕೊಂಡು ಕೂತೆ. ನಿಮ್ಮದು ಮೊದಲೇ ಪೆಟ್ಟು ತಿಂದ ಬೆರಳು. ಹದಿನೈದು ನಿಮಿಷಕ್ಕೆ ನಿಲ್ಲಿಸಿ. ಡೈರಿಯಲ್ಲಿ ಸಮಯವನ್ನೂ ಬರೆಯಿರಿ.

ಹೂವಿನಕ್ಕ, ದುರ್ಗ

ಅಣ್ಣಾ, ನಾನು ಚಿತ್ರದುರ್ಗದಿಂದ. ಮನೆಯಲ್ಲೇ ಹೂ ಕಟ್ಟಿ ಅಂಗಡಿಗೆ ಕೊಡುತ್ತೇನೆ. ನನ್ನ ಮಗ ಐಟಿಐ ಓದುತ್ತಾನೆ, ಅವನಿಗೂ ಇದೇ ಹುಚ್ಚು. ಅವನಿಂದ ನನಗೂ ಒಂದು ಬಂತು. ಅದರಲ್ಲಿ ಹೆಬ್ಬೆರಳಿನ ಕೆಲಸವೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದರ ಹೆಸರು ಚಾರ್ಜ್ ಅಂತೆ. ನನಗೆ ಅದು ರುಬ್ಬೋ ಗುಂಡು. ಒರಳಲ್ಲಿ ಹಿಟ್ಟು ರುಬ್ಬುವಾಗ ಗುಂಡಿನ ಬುಡ ಅಲ್ಲೇ ಕುಳಿಯಲ್ಲಿ ಕೂತಿರುತ್ತದೆ, ತಲೆ ಮಾತ್ರ ದೊಡ್ಡದಾಗಿ ಸುತ್ತು ಹೊಡೆಯುತ್ತದೆ. ನೋಡಿದ್ದೀರಲ್ಲ? ಪೆನ್ನನ್ನು ನಡುಬೆರಳು, ಉಂಗುರಬೆರಳು ಎರಡರ ಸಂದಿಯಲ್ಲಿ ಮಧ್ಯಕ್ಕೆ ಹಿಡಿಯಿರಿ. ಬಿಗಿ ಬೇಡ. ಮಗುವಿನ ಕಿವಿ ಹಿಡಿದಷ್ಟು ಸಾಕು. ಒಂದು ಬೆರಳು ಮೇಲೆ ಹೋದಾಗ ಇನ್ನೊಂದು ಕೆಳಗೆ, ಜೊತೆಗೆ ಮಣಿಕಟ್ಟು ಸಣ್ಣಗೆ ಆಡಲಿ. ಪೆನ್ನಿನ ತಲೆ ಗುಂಡಿನ ತಲೆ ಹಾಗೆ ತಿರುಗೋಕೆ ಶುರುವಾಗುತ್ತದೆ. ಮೊದಲು ಸೊಟ್ಟ ಮೊಟ್ಟೆ ಹಾಗೆ ತಿರುಗುತ್ತದೆ, ಆಮೇಲೆ ದುಂಡಗಾಗುತ್ತದೆ. ಕೈಯಿಂದ ಹೊರಗೆ ಹೋಗುವುದೇ ಇಲ್ಲ, ಆದ್ದರಿಂದ ಟೀಗೆ ಬೀಳುವ ಭಯವೂ ಇಲ್ಲ.

ಇನ್ನೊಂದು ಮಾತು. ನೀವು ಬೆರಳನ್ನು ನೋಡುತ್ತಾ ಮಾಡುತ್ತೀರಿ ಅನ್ನಿಸುತ್ತದೆ. ನೋಡಬೇಡಿ. ನನ್ನ ಅತ್ತೆ ನನಗೆ ಹೂ ಕಟ್ಟೋದು ಕಲಿಸಿದ್ದು ಹಾಗೆ. ಎರಡು ಕಾಕಡ ಈ ಕಡೆ, ಎರಡು ಆ ಕಡೆ, ದಾರ ಒಂದು ಸುತ್ತು, ಬೆರಳಲ್ಲಿ ಕುಣಿಕೆ ಮಾಡಿ ತೊಟ್ಟಿಗೆ ಹಾಕಿ ಎಳೆಯೋದು. ಒಂದು ವಾರ ಆದರೂ ನನ್ನ ಕುಣಿಕೆ ನಿಲ್ಲಲಿಲ್ಲ, ಅರ್ಧ ಮಾರು ಕಟ್ಟುವಷ್ಟರಲ್ಲಿ ಹಿಂದಿನದು ಉದುರುತ್ತಿತ್ತು. ಒಂದು ಸಂಜೆ ಕರೆಂಟು ಹೋಯಿತು. ಅತ್ತೆ ದೀಪ ಹಚ್ಚಲಿಲ್ಲ. "ಕಟ್ಟು, ಕಟ್ಟು" ಅಂದರು. ಕತ್ತಲಲ್ಲಿ ಕಟ್ಟಿದ ಆ ಒಂದು ಮೊಳ ಬಿಗಿಯಾಗಿ ನಿಂತಿತು. ಅವರು ಬೇಕಂತಲೇ ದೀಪ ಹಚ್ಚಲಿಲ್ಲವೋ, ಬೆಂಕಿಪೊಟ್ಟಣ ಸಿಗಲಿಲ್ಲವೋ, ಈಗಲೂ ಅನುಮಾನ.

ರಿಪೀಟರ್, ವಿದ್ಯಾನಗರ

ಅಕ್ಕಾ, ರುಬ್ಬೋ ಗುಂಡು ಸೂಪರ್. ಇನ್ನು ಮೇಲೆ ನಾನೂ ಹಾಗೇ ಹೇಳಿಕೊಡುತ್ತೇನೆ.

ಅಂಕಲ್, ಎಡಗೈ ಹೆಬ್ಬೆರಳು ಸರಿ ಇದೆಯಲ್ವಾ? ಥಂಬ್ ಅರೌಂಡ್ ಎಡಗೈಯಲ್ಲಿ ಶುರು ಮಾಡಿ. ಬಲಗೈಯಲ್ಲಿ ಹೇಗೂ ಹದಿನೈದು ದಿನದ ತಪ್ಪು ಅಭ್ಯಾಸ ಇದೆ, ಎಡಗೈ ಖಾಲಿ ಪಾಟಿ. ಇನ್ನೊಂದು, ವಿಡಿಯೋದಲ್ಲಿ ಎದುರು ಕೂತವನ ಬಲಗೈ ನಿಮ್ಮ ಎಡಗೈಗೆ ಕನ್ನಡಿ ಹಾಗೆ ಸರಿಹೋಗುತ್ತೆ. ಅದಲುಬದಲಿನ ತಲೆನೋವೂ ಹೋಯಿತು.

ನಿಮಗೆ ಲೆಕ್ಕ ಇಷ್ಟ ಅಂತ ಇದನ್ನೂ ಹೇಳುತ್ತೇನೆ. ಬೆರಳಿಗೆ ನಂಬರ್ ಇದೆ. ತೋರುಬೆರಳು 1, ನಡು 2, ಉಂಗುರ 3, ಕಿರು 4. ಹೆಬ್ಬೆರಳಿಗೆ ಮಾತ್ರ ನಂಬರ್ ಇಲ್ಲ, 'ಟಿ' ಅಂತ ಅಕ್ಷರ. ಎರಡು ಬೆರಳಿನ ಸಂದಿಯನ್ನು ಎರಡು ಅಂಕಿಯಲ್ಲಿ ಬರೆಯುತ್ತಾರೆ. ಸೋನಿಕ್ 23-12 ಅಂದರೆ ನಡು-ಉಂಗುರ ಸಂದಿಯಿಂದ ಹೊರಟ ಪೆನ್ನು ಸರ್ರನೆ ಸುತ್ತಿ ತೋರು-ನಡು ಸಂದಿಗೆ ಬಂದು ನಿಲ್ಲಬೇಕು. ಅಕ್ಕ ಹೇಳಿದ ಚಾರ್ಜ್ ದುಂಡಗೆ ಬಂದರೆ ಅಲ್ಲಿಂದ ಸೋನಿಕ್ ದೂರ ಇಲ್ಲ. ಇದಕ್ಕೂ ಹೆಬ್ಬೆರಳು ಬೇಡ.

ಜೋಳದ ಗುಮಾಸ್ತ, ದಾವಣಗೆರೆ

ತಡವಾಗಿ ಬರೆಯುತ್ತಿದ್ದೇನೆ. ಇಪ್ಪತ್ತೆರಡು ದಿನ ಆಯಿತು. ಲೆಕ್ಕ ಒಪ್ಪಿಸುತ್ತೇನೆ.

ಎರಡು ರೆನಾಲ್ಡ್ಸ್ ತಂದೆ. ಎರಡು ಕ್ಯಾಪು ಹಾಕಿ ಸ್ಕೇಲ್ ಇಟ್ಟು ನೋಡಿದೆ, ಉದ್ದ ಸಾಕಷ್ಟು ಬಂತು. ಕ್ಯಾಪಿಲ್ಲದೆ ಉಳಿದ ಪೆನ್ನು ಬಿಲ್ ಬರೆಯೋಕೆ. ಆಮೇಲೆ ಮಗಳ ಹಳೇ ಪೆನ್ನಿನ ರಬ್ಬರ್ ಗ್ರಿಪ್ ಕತ್ತರಿಸಿ ಎರಡು ತುದಿಗೂ ಸಿಕ್ಕಿಸಿದೆ. ಅದು ಹಳೆಯದಲ್ಲ, ಪರೀಕ್ಷೆಗೆ ಎತ್ತಿಟ್ಟಿದ್ದು ಅಂತ ಆಮೇಲೆ ಗೊತ್ತಾಯಿತು. ಅದರ ವಿವರ ಬೇಡ.

ಕ್ಯಾಷಿಯರ್ ಸಾಹೇಬರ ನಾಣ್ಯ ನನಗೆ ಒಗ್ಗಲಿಲ್ಲ. ಕ್ಷಮಿಸಿ. ತೋರುಬೆರಳಿಂದ ನಡುಬೆರಳಿಗೆ ಹೋಗುತ್ತದೆ, ಅಲ್ಲಿಂದ ಗಲ್ಲಾ ಪೆಟ್ಟಿಗೆಯ ಕೆಳಗೆ ಹೋಗುತ್ತದೆ. ಅದನ್ನು ಎತ್ತೋಕೆ ಗಲ್ಲಾ ಸರಿಸಿದರೆ ಸಾಹುಕಾರರಿಗೆ ಎದೆ ಡವಗುಟ್ಟುತ್ತದೆ. ಆದರೆ ಹದಿನೈದು ನಿಮಿಷದ ಮಾತು ಪಾಲಿಸುತ್ತಿದ್ದೇನೆ.

ಹೂವಿನಕ್ಕಾ, ನಿಮಗೆ ಒಂದು ನಮಸ್ಕಾರ ಜಾಸ್ತಿ. ರುಬ್ಬೋ ಗುಂಡು ಮೂರನೇ ದಿನಕ್ಕೇ ತಿರುಗಿತು. ಸೊಟ್ಟ ಮೊಟ್ಟೆ ಅಂದಿರಿ, ನನ್ನದು ಹಲಸಿನಹಣ್ಣಾಗಿತ್ತು. ಒಂಬತ್ತನೇ ದಿನ ದುಂಡಗಾಯಿತು. ಆ ದಿನ ರೈತರೊಬ್ಬರು ತೂಕದ ಚೀಟಿ ಹಿಡಿದು ನಿಂತಿದ್ದರು. ನಾನು ಬಲಗೈಯಲ್ಲಿ ಕೂಡುತ್ತಿದ್ದೆ. ಎಡಗೈ ಪುಸ್ತಕದ ಪಕ್ಕ ಇತ್ತು. ಒಟ್ಟು ಬರೆದು ತಲೆ ಎತ್ತಿದರೆ ಅವರು ಲೆಕ್ಕ ನೋಡುತ್ತಿರಲಿಲ್ಲ, ನನ್ನ ಎಡಗೈ ನೋಡುತ್ತಿದ್ದರು. ನೋಡಿದರೆ ಪೆನ್ನು ತಿರುಗುತ್ತಿದೆ. ನಾನು ಶುರು ಮಾಡಿದ್ದು ನನಗೇ ನೆನಪಿಲ್ಲ. ನೋಡಿದ ಕೂಡಲೇ ನಿಂತುಹೋಯಿತು ಅನ್ನಿ.

ಎಡಗೈ ಥಂಬ್ ಅರೌಂಡ್: ನಿನ್ನೆ 100ಕ್ಕೆ 41. ಹೊಟ್ಟೆಗೆ ತಾಗಿದ್ದು ಸೇರಿಸಿಲ್ಲ. ಮಗಳಿಗೆ ತೋರಿಸಿದೆ. "ಎಡಗೈಲಾ?" ಅಂತ ಅವಳೂ ಎಡಗೈಯಲ್ಲಿ ಹಾಕಿದಳು. ಪೆನ್ನು ಅಡುಗೆಮನೆ ತನಕ ಹೋಯಿತು. "ಹೇಗಪ್ಪಾ ಮಾಡ್ದೆ?" ಅಂದಳು. ನನಗೆ ಬಾಯಲ್ಲಿ ಹೇಳೋಕೆ ಬರುತ್ತದಲ್ವಾ, ಬಾ ಇಲ್ಲಿ ಕೂತ್ಕೋ ಅಂದೆ.

ಈಗ ಸೋನಿಕ್ ಹಿಡಿದಿದ್ದೇನೆ. ಡೈರಿ ಮನೆಯಲ್ಲಿ ಮರೆತಿದ್ದೆ ಅಂತ ಇವತ್ತು ಖಾತೆ ಪುಸ್ತಕದ ಅಂಚಿನಲ್ಲೇ ಪೆನ್ಸಿಲಿನಲ್ಲಿ "23-12, ಬಾಕಿ" ಅಂತ ಬರೆದುಕೊಂಡಿದ್ದೆ. ಸಂಜೆ ಸಾಹುಕಾರರು ಪುಸ್ತಕ ತಿರುವಿದವರು ಅಲ್ಲಿ ನಿಂತರು. ಕನ್ನಡಕ ಏರಿಸಿದರು.

"ಡಿಸೆಂಬರ್ ಇಪ್ಪತ್ಮೂರಕ್ಕೆ ಯಾರ ಬಾಕಿನೋ ಇದು?" ಅಂದರು.